ಹಿಗ್ಗುವ ಐಕಾನ್, ಕದಲದ ನೆರೆ: ಸ್ಮಾರ್ಟ್‌ಫೋನ್ ಹೋಮ್ ಸ್ಕ್ರೀನ್‌ನ ಮರುವಿನ್ಯಾಸ

2007ರಲ್ಲಿ ಮಾರಾಟಕ್ಕೆ ಬಂದ ಮೊದಲ ಐಫೋನ್‌ನಲ್ಲಿ ಕ್ಯಾಲೆಂಡರ್‌ನ ಐಕಾನ್ ಅಂದಿನ ವಾರವನ್ನೂ ತಾರೀಖನ್ನೂ ತೋರಿಸುತ್ತಿತ್ತು. ಹವಾಮಾನದ ಐಕಾನ್ ಮಾತ್ರ ಹೊರಗೆ ಮಳೆ ಹೊಯ್ಯುತ್ತಿದ್ದರೂ 73 ಡಿಗ್ರಿ ಫ್ಯಾರನ್‌ಹೀಟ್‌ನ ಬಿಸಿಲನ್ನೇ ತೋರಿಸುತ್ತಿತ್ತು. ಒಂದೇ ತೆರೆ, ಒಂದೇ ಅಳತೆಯ ಎರಡು ಚೌಕ. ಒಂದು ಸುದ್ದಿ ಹೇಳುವ ಫಲಕ, ಇನ್ನೊಂದು ಬರೀ ಬಾಗಿಲು. ಐಕಾನ್ ಎಂದರೆ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಹೋಮ್ ಸ್ಕ್ರೀನ್ ವಿನ್ಯಾಸಕಾರರು ಅಂದಿನಿಂದ ಬೇರೆ ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ಐಕಾನ್ ಮತ್ತು ವಿಜೆಟ್ (ಆ್ಯಪ್ ತೆರೆಯದೆಯೇ ಅದರ ಮಾಹಿತಿ ತೋರಿಸುವ ಫಲಕ) ಎರಡು ಜಾತಿಯ ವಸ್ತುಗಳಲ್ಲ, ಒಂದೇ ವಸ್ತುವಿನ ಬೇರೆ ಬೇರೆ ಅಳತೆಗಳು ಎಂಬುದು ಈ ಲೇಖನದ ನಿಲುವು. ಆದರೆ ಐಕಾನ್ ವಿಜೆಟ್ ಆಗಿ ಹಿಗ್ಗುವಾಗ ನೆರೆಯ ಐಕಾನ್‌ಗಳನ್ನು ಅವುಗಳ ಜಾಗದಿಂದ ಕದಲಿಸಿದರೆ ಬಳಕೆದಾರನಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂಬುದನ್ನೂ ಇಲ್ಲಿ ವಾದಿಸಲಾಗಿದೆ.

ಆಂಡ್ರಾಯ್ಡ್ ಮೊದಲಿಗೇ ಎರಡು ಜಾತಿ ಮಾಡಿತು. 2009ರ ಏಪ್ರಿಲ್‌ನ 1.5 ಆವೃತ್ತಿಯಲ್ಲಿ ಹೊರಗಿನ ಡೆವಲಪರ್‌ಗಳಿಗೂ ವಿಜೆಟ್ ಮಾಡುವ ಅವಕಾಶ ತೆರೆಯಿತು. ವಿಜೆಟ್ ಇದ್ದದ್ದು ಬೇರೊಂದು ಪಟ್ಟಿಯಲ್ಲಿ. ಅದನ್ನು ಹುಡುಕಿ, ಎಳೆದು ತಂದು ತೆರೆಯ ಮೇಲೆ ಇಡಬೇಕಿತ್ತು. ಆ್ಯಪ್‌ನ ಕೋಡ್ ಹೋಮ್ ಸ್ಕ್ರೀನ್‌ನೊಳಗೆ ಓಡುವುದಿಲ್ಲ, ಏನು ತೋರಿಸಬೇಕು ಎಂಬ ವಿವರಣೆಯನ್ನಷ್ಟೇ ಅದು ಕಳಿಸುತ್ತದೆ. ಬ್ಯಾಟರಿ ಉಳಿಸಲೆಂದು ನಿಗದಿತ ನವೀಕರಣಕ್ಕೆ ಕನಿಷ್ಠ 30 ನಿಮಿಷಗಳ ಅಂತರ ಇಡಲಾಯಿತು. ಇಂಥ ಕಟ್ಟುಪಾಡು ಬೇಕೇ ಬೇಕು, ಅದಿಲ್ಲದಿದ್ದರೆ ತೆರೆಯ ಮೇಲಿನ ಪ್ರತಿ ಚೌಕವೂ ಹಗಲಿರುಳು ಬ್ಯಾಟರಿ ಹೀರುತ್ತಿತ್ತು. ತೊಡಕಿದ್ದದ್ದು ಬೇರೆ ಕಡೆ: ಐಕಾನ್‌ನಿಂದ ವಿಜೆಟ್‌ಗೆ ಹೋಗುವ ದಾರಿಯೇ ಇರಲಿಲ್ಲ. ಹೀಗಾಗಿ ಒಂದೇ ಆ್ಯಪ್ ತೆರೆಯ ಮೇಲೆ ಎರಡು ಕಡೆ ಜಾಗ ಹಿಡಿಯುತ್ತಿತ್ತು.

ಈ ಗೋಡೆಯನ್ನು ಒಡೆದದ್ದು 2010ರ ವಿಂಡೋಸ್ ಫೋನ್ 7. ಅಲ್ಲಿ ಐಕಾನೇ ಇಲ್ಲ, ವಿಜೆಟೂ ಇಲ್ಲ. ಇದ್ದದ್ದು ಲೈವ್ ಟೈಲ್ ಒಂದೇ. 2012ರ ಆವೃತ್ತಿ 8ರಲ್ಲಿ ಸಣ್ಣ, ಮಧ್ಯಮ, ಅಗಲ ಎಂಬ ಮೂರು ಅಳತೆಗಳು ಬಂದವು. ಸಣ್ಣದರಲ್ಲಿ ಚಿಹ್ನೆ ಮತ್ತು ಸಂಖ್ಯೆ. ಅಗಲವಾದದ್ದರಲ್ಲಿ ಮಿಂಚಂಚೆಯ ಕೆಲವು ಸಾಲುಗಳು. ಅಳತೆ ಆರಿಸುವ ಅಧಿಕಾರ ಫೋನಿನ ಒಡೆಯನದು. ಪರಿಕಲ್ಪನೆಯ ಮಟ್ಟದಲ್ಲಿ ಇದು ಈ ಕ್ಷೇತ್ರದ ಅತ್ಯುತ್ತಮ ಯೋಚನೆ ಎಂದೇ ನನ್ನ ಅಭಿಪ್ರಾಯ. ಅದರ ಕೊರತೆಯೂ ಸ್ಪಷ್ಟ: ಟೈಲ್ ಎಷ್ಟೇ ದೊಡ್ಡದಾದರೂ ಮುಟ್ಟಿದರೆ ಆ್ಯಪ್ ತೆರೆಯುತ್ತಿತ್ತೇ ಹೊರತು ಅಲ್ಲೇ ಕೆಲಸ ಮುಗಿಸಲು ಬರುತ್ತಿರಲಿಲ್ಲ. ಆ ಫೋನ್‌ಗಳು ಮಾರುಕಟ್ಟೆಯಲ್ಲಿ ಉಳಿಯಲಿಲ್ಲ, ಯೋಚನೆ ಉಳಿಯಿತು.

ಅದರ ಬೇರು ಇನ್ನೂ ಹಿಂದಿನದು. 1993ರಲ್ಲಿ ಕೆನ್ ಪರ್ಲಿನ್ ಮತ್ತು ಡೇವಿಡ್ ಫಾಕ್ಸ್ ‘ಪ್ಯಾಡ್’ ಎಂಬ ಪ್ರಯೋಗದಲ್ಲಿ ಸೆಮ್ಯಾಂಟಿಕ್ ಝೂಮ್ ಎಂಬ ತತ್ವವನ್ನು ಮುಂದಿಟ್ಟರು: ಹಿಗ್ಗಿದ ವಸ್ತು ಅದೇ ಚಿತ್ರವನ್ನು ದೊಡ್ಡದಾಗಿ ತೋರಿಸಿದರೆ ಸಾಲದು, ಸಿಕ್ಕ ಜಾಗಕ್ಕೆ ತಕ್ಕ ಹೊಸ ವಿವರ ಕೊಡಬೇಕು. 2005ರಲ್ಲಿ ಆ್ಯಮಿ ಕಾರ್ಲ್‌ಸನ್, ಬೆಂಜಮಿನ್ ಬೆಡರ್‌ಸನ್ ಮತ್ತು ಜಾನ್ ಸ್ಯಾನ್‌ಜೊವಾನಿ ಇದನ್ನು ಅಂಗೈ ಸಾಧನಗಳಿಗೆ ತಂದರು. ಅವರ ‘ಆ್ಯಪ್‌ಲೆನ್ಸ್’ ಎಂಬ ವಿನ್ಯಾಸದಲ್ಲಿ ತೆರೆಯನ್ನು ಹಂಚಿದ ಒಂಬತ್ತು ಮನೆಗಳಿದ್ದವು. ಒಂದು ಹಿಗ್ಗಿದಾಗ ಉಳಿದವು ಕುಗ್ಗುತ್ತಿದ್ದವು, ಆದರೆ ತಮ್ಮ ಸಾಲು ಬಿಡುತ್ತಿರಲಿಲ್ಲ. ಅವರ ಇನ್ನೊಂದು ವಿನ್ಯಾಸವಾದ ‘ಲಾಂಚ್‌ಟೈಲ್’ನಲ್ಲಿ 36 ಮನೆಗಳು, ನಾಲ್ಕು ನಾಲ್ಕರ ಗುಂಪುಗಳಲ್ಲಿ. ಎರಡೂ ಒಂದೇ ಕೈಯ ಹೆಬ್ಬೆರಳಿಗೆಂದು ರೂಪಿಸಿದವು.

ಹೆಬ್ಬೆರಳಿನ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡಬೇಕು. ಪೆಕ್ಕಾ ಪಾರ್ಹಿ, ಕಾರ್ಲ್‌ಸನ್ ಮತ್ತು ಬೆಡರ್‌ಸನ್ 2006ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಒಂದು ಕೈಯಲ್ಲಿ ಫೋನ್ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒಂದು ಗುರಿಯನ್ನು ಮುಟ್ಟಲು ಸುಮಾರು 9.2 ಮಿ.ಮೀ., ಸರಣಿಯಾಗಿ ಹಲವನ್ನು ಮುಟ್ಟಲು 9.6 ಮಿ.ಮೀ. ಅಗಲ ಬೇಕು. ಇಂದಿನ 6.1 ಇಂಚಿನ ಫೋನ್‌ನ ತೆರೆಯ ಅಗಲ ಹೆಚ್ಚುಕಡಿಮೆ 65 ಮಿ.ಮೀ. ನಾಲ್ಕು ಅಂಕಣಗಳಾಗಿ ಹಂಚಿದರೆ ಒಂದು ಮನೆಗೆ 16 ಮಿ.ಮೀ. ಅದರಲ್ಲಿ ಹಿಡಿಯುವುದು ಒಂದೇ ಗುರಿ. ಎರಡು ಕೆಲಸಗಳನ್ನು ಒಂದು ಐಕಾನ್‌ನೊಳಗೆ ತುರುಕಲು ಸಾಧ್ಯವಿಲ್ಲ. ಎರಡನೆಯದು ಬೇಕಾದರೆ ಐಕಾನ್ ಹಿಗ್ಗಲೇಬೇಕು. ಪಕ್ಕದ ಒಂದು ಮನೆಯನ್ನು ಸೇರಿಸಿಕೊಂಡರೆ 32 ಮಿ.ಮೀ. ಸಿಗುತ್ತದೆ, ಎರಡು ಗುರಿಗಳು ಅಂಚಿನೊಡನೆ ಆರಾಮಾಗಿ ಕೂರುತ್ತವೆ.

ಆ್ಯಪಲ್ ಈ ಮೆಟ್ಟಿಲನ್ನೇ ಹಾರಿಬಿಟ್ಟಿದೆ. 2020ರ ಐಒಎಸ್ 14ರಲ್ಲಿ ಹೋಮ್ ಸ್ಕ್ರೀನ್‌ಗೆ ವಿಜೆಟ್ ಬಂದಾಗ ಅದರ ಅತಿ ಸಣ್ಣ ಅಳತೆಯೇ ನಾಲ್ಕು ಮನೆ. 2023ರಲ್ಲಿ ವಿಜೆಟ್‌ನೊಳಗೆ ಗುಂಡಿ ಒತ್ತುವ ಅನುಕೂಲ ಬಂತು. 2024ರ ಐಒಎಸ್ 18ರಲ್ಲಿ ಐಕಾನನ್ನು ಒತ್ತಿ ಹಿಡಿದರೆ ಅಳತೆಗಳ ಆಯ್ಕೆ ಬಂದು ಅದು ಇದ್ದಲ್ಲೇ ವಿಜೆಟ್ ಆಗುವಂತಾಯಿತು. ವಿಂಡೋಸ್ ಫೋನ್‌ನ ಯೋಚನೆ ಹೀಗೆ ಇನ್ನೊಂದು ಕಂಪನಿಯಲ್ಲಿ ಫಲಿಸಿತು. ಆದರೂ ಒಂದರಿಂದ ನಾಲ್ಕಕ್ಕೆ ನೆಗೆದರೆ ಮೂರು ಐಕಾನ್‌ಗಳು ಜಾಗ ಕಳೆದುಕೊಳ್ಳುತ್ತವೆ. ಸಾಲುಸಾಲಾಗಿ ತುಂಬುವ ಪದ್ಧತಿಯಲ್ಲಂತೂ, 24 ಐಕಾನ್‌ಗಳ ತುಂಬಿದ ಪುಟದಲ್ಲಿ ಮೊದಲನೆಯದನ್ನು ಹಿಗ್ಗಿಸಿದರೆ ಉಳಿದ ಬಹುಪಾಲು ಐಕಾನ್‌ಗಳು ಮುಂದಕ್ಕೆ ಜರುಗಿ, ಕೊನೆಯ ಮೂರು ಮುಂದಿನ ಪುಟಕ್ಕೆ ಬೀಳುತ್ತವೆ. ಬಳಕೆದಾರರು ಐಕಾನನ್ನು ಓದಿ ಹುಡುಕುವುದಕ್ಕಿಂತ ಇದ್ದ ಜಾಗಕ್ಕೆ ಬೆರಳು ಹಾಯಿಸುವುದೇ ಹೆಚ್ಚು. ಆ ಅಭ್ಯಾಸ ಕೈಗೆ ಕೂಡಿಬರಲು ಸಮಯ ಬೇಕು, ಒಂದು ವಿಜೆಟ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ತಾತ್ಕಾಲಿಕ ಹಿಗ್ಗುವಿಕೆ ಇದಕ್ಕೆ ಒಂದು ಪರಿಹಾರ. ಕ್ರಿಸ್ ಲೇಸಿ ಅವರ ಆ್ಯಕ್ಷನ್ ಲಾಂಚರ್‌ನಲ್ಲಿ ಐಕಾನ್ ಮೇಲೆ ಸ್ವೈಪ್ ಮಾಡಿದರೆ ಆ ಆ್ಯಪ್‌ನ ವಿಜೆಟ್ ತೆರೆದುಕೊಳ್ಳುತ್ತಿತ್ತು. 2021ರಲ್ಲಿ ಹುವಾವೇ ತನ್ನ ಹಾರ್ಮನಿ ಓಎಸ್ 2ರಲ್ಲಿ ಇಂಥದೇ ಕ್ರಮ ಅಳವಡಿಸಿತು. ಅಲ್ಲಿ ಯಾವ ಐಕಾನ್ ಹಿಗ್ಗಬಲ್ಲದು ಎಂಬುದಕ್ಕೆ ಅದರ ಕೆಳಗಿನ ಸಣ್ಣ ಗೆರೆಯೇ ಗುರುತು. ಈ ಗೆರೆಯ ಬೆಲೆ ದೊಡ್ಡದು. ಗುರುತಿಲ್ಲದ ಸನ್ನೆಯನ್ನು ಗೊತ್ತಿದ್ದವರಷ್ಟೇ ಬಳಸುತ್ತಾರೆ.

ಹಾಗಾಗಿ ನಾನು ಮುಂದಿಡುವ ವಿನ್ಯಾಸದಲ್ಲಿ ಶಾಶ್ವತ ಹಿಗ್ಗುವಿಕೆ ಎರಡು ಮನೆಗಳಿಗೆ, ಅದೂ ಅಡ್ಡಕ್ಕೆ, ಸೀಮಿತ. ಆಗ ಜಾಗ ಬಿಡುವುದು ಒಂದೇ ಐಕಾನ್. ಅದು ಯಾರನ್ನೂ ತಳ್ಳದೆ ಪುಟದ ಖಾಲಿ ಮನೆಗೆ ಹೋಗುತ್ತದೆ. ಖಾಲಿ ಮನೆ ಇಲ್ಲದಿದ್ದರೆ ಯಾವುದನ್ನು ಎತ್ತಬೇಕು ಎಂದು ಫೋನ್ ಕೇಳಬೇಕು. ಅದಕ್ಕಿಂತ ದೊಡ್ಡ ರೂಪ ತೆರೆಯ ಮೇಲೆ ತೇಲಿ ಬಂದು, ಬೇರೆಡೆ ಮುಟ್ಟಿದೊಡನೆ ಮರಳಬೇಕು.

ಎರಡು ಮನೆಯ ರೂಪ ಕನ್ನಡಕ್ಕೂ ಒದಗುತ್ತದೆ. ಆಂಡ್ರಾಯ್ಡ್‌ನ ವ್ಯವಸ್ಥಾ ಭಾಷೆಗಳಲ್ಲಿ ಕನ್ನಡ ಸೇರಿದ್ದು 2014ರ ಆವೃತ್ತಿ 5.0ರಲ್ಲಿ. ಐಕಾನ್‌ನ ಕೆಳಗಿನ ಜಾಗ ಮಾತ್ರ ಸಾಮಾನ್ಯವಾಗಿ 16 ಮಿ.ಮೀ.ನ ಒಂದೇ ಗೆರೆ. ‘ಕ್ಯಾಲ್ಕುಲೇಟರ್’, ‘ಸೆಟ್ಟಿಂಗ್‌ಗಳು’ ಮುಂತಾದ ಹೆಸರುಗಳಿಗೆ ಅಗಲ ಸಾಲದೆ ಕೊನೆಯಲ್ಲಿ ಚುಕ್ಕಿ ಬೀಳಬಹುದು. ಅಕ್ಷರ ಕುಗ್ಗಿಸಿದರೆ ಮೊದಲು ಅಳಿಯುವುದು ಒತ್ತಕ್ಷರ. ನಮ್ಮ ಲಿಪಿಗೆ ಗೆರೆಯ ಕೆಳಗೂ ಜಾಗ ಬೇಕು, ಅದನ್ನು ಲೆಕ್ಕಕ್ಕೆ ಹಿಡಿಯದ ಅಳತೆಪಟ್ಟಿ ಕನ್ನಡದ ಓದುಗನಿಗೆ ಅಪೂರ್ಣ. ಅಡ್ಡಕ್ಕೆ ಹಿಗ್ಗಿದ ಐಕಾನ್‌ನಲ್ಲಿ ಹೆಸರು ಚಿಹ್ನೆಯ ಪಕ್ಕಕ್ಕೆ ಬರುತ್ತದೆ, ಎರಡು ಗೆರೆಗೆ ಎಡೆಯೂ ಇರುತ್ತದೆ.

ಇನ್ನು ಖಾಸಗಿತನ. ನಮ್ಮಲ್ಲಿ ಫೋನ್ ಮನೆಯೊಳಗೆ ಕೈಯಿಂದ ಕೈಗೆ ಹೋಗುತ್ತದೆ; ಮಗು ಆಟಕ್ಕೆ, ಅಜ್ಜಿ ವಿಡಿಯೊ ಕರೆಗೆ ಅದೇ ಫೋನ್ ಹಿಡಿಯುತ್ತಾರೆ. ಬ್ಯಾಂಕಿನ ಆ್ಯಪ್ ಹಿಗ್ಗಿ ಖಾತೆಯ ಬಾಕಿಯನ್ನು ತೆರೆಯ ಮೇಲೆ ಸದಾ ತೋರಿಸಿದರೆ ಅದು ಅನುಕೂಲವಲ್ಲ, ಬಯಲು. ಎರಡು ಮನೆಯ ಶಾಶ್ವತ ರೂಪದಲ್ಲಿ ಇರಬೇಕಾದದ್ದು ಯುಪಿಐ ಸ್ಕ್ಯಾನ್‌ನಂಥ ಕೆಲಸದ ಗುಂಡಿ. ಬಾಕಿ ಮೊತ್ತ ಕಾಣಬೇಕಾದದ್ದು ತೇಲಿ ಬರುವ ರೂಪದಲ್ಲಿ, ಬೆರಳಚ್ಚು ಕೊಟ್ಟ ಮೇಲೆ. ಯಾವ ಆ್ಯಪ್‌ನ ಯಾವ ಮಾಹಿತಿ ಎಲ್ಲಿ ಕಾಣಬೇಕು ಎಂಬ ಆಯ್ಕೆಯೂ ಅಳತೆಯ ಆಯ್ಕೆಯ ಪಕ್ಕದಲ್ಲೇ, ಐಕಾನನ್ನು ಒತ್ತಿ ಹಿಡಿದಾಗಲೇ ಸಿಗಬೇಕು.