ಬಾಸೆಲ್ ಮಿಶನ್ ಸೆಮಿನರಿಯ ದಿನಚರಿ ಮತ್ತು ವಿಶ್ವಾಸ: ಹತ್ತೊಂಬತ್ತನೆಯ ಶತಮಾನದ ಮಿಶನರಿ ಅಭ್ಯರ್ಥಿಗಳ ಜೀವನದ ಒಂದು ಅಧ್ಯಯನ

ಕನ್ನಡದ ಮೊದಲ ಪತ್ರಿಕೆ, ಕನ್ನಡ-ಇಂಗ್ಲಿಷ್ ಬೃಹತ್ ನಿಘಂಟು, ಮಂಗಳೂರಿನ ಮುದ್ರಣಾಲಯ ಮತ್ತು ಹೆಂಚಿನ ಕಾರ್ಖಾನೆ ಎಂಬ ಮಾತುಗಳೊಂದಿಗೆ ಬಾಸೆಲ್ ಮಿಶನ್ನಿನ ಹೆಸರು ಕರ್ನಾಟಕದಲ್ಲಿ ಬೆಸೆದುಕೊಂಡಿದೆ. ಈ ಕಾರ್ಯಗಳನ್ನು ನಡೆಸಿದ ಮಿಶನರಿಗಳಲ್ಲಿ ಬಹುಪಾಲು ಜನರು ಕರಾವಳಿಗೆ ಬಂದಿಳಿಯುವ ಮೊದಲು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಒಂದೇ ಮನೆಯಲ್ಲಿ ಕೆಲವು ವರ್ಷಗಳನ್ನು ಕಳೆದಿದ್ದರು. ಆ ಮನೆಯಲ್ಲಿ ವಿಶ್ವಾಸವೆಂಬುದು ಪ್ರಾರ್ಥನೆಯ ಹೊತ್ತಿಗೆ ಮಾತ್ರ ಸೀಮಿತವಾಗಿರದೆ, ಏಳುವುದು, ಓದುವುದು, ಮರ ಕೊಯ್ಯುವುದು, ಗೆಳೆತನ ಮಾಡುವುದು, ಮದುವೆಯನ್ನು ಮುಂದೂಡುವುದು ಮುಂತಾದ ಎಲ್ಲ ವ್ಯವಹಾರಗಳಲ್ಲಿಯೂ ದಿನದಿನವೂ ಪರೀಕ್ಷೆಗೆ ಒಳಗಾಗುತ್ತಿತ್ತು. ಕನ್ನಡ ನಾಡಿನಲ್ಲಿ ಈ ಮಿಶನರಿಗಳು ತೋರಿದ ಅಸಾಧಾರಣ ಶ್ರಮಶೀಲತೆಗೂ ಅವರ ನಡುವೆ ಆಗಾಗ ತಲೆದೋರಿದ ಒಳಜಗಳಗಳಿಗೂ ಬೇರು ಆ ತರಬೇತಿಯಲ್ಲಿಯೇ ಇತ್ತೆಂಬುದನ್ನು ಈ ಲೇಖನವು ಪ್ರತಿಪಾದಿಸುತ್ತದೆ.

ಸಂಸ್ಥೆಯ ಹಿನ್ನೆಲೆ

ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪನೆಗೊಂಡಿತು. ಅದಕ್ಕೂ ಮುನ್ನ, 1780ರಿಂದಲೇ, ಅದೇ ನಗರದಲ್ಲಿ ಕ್ರೈಸ್ತ ಸಾಹಿತ್ಯವನ್ನೂ ಭಕ್ತಿಜೀವನವನ್ನೂ ಪ್ರಚುರಪಡಿಸುವ ಒಂದು ಸಂಘವು ಕೆಲಸ ಮಾಡುತ್ತಿದ್ದು, ಅದರ ಕಾರ್ಯದರ್ಶಿಯಾಗಿದ್ದ ಕ್ರಿಶ್ಚಿಯನ್ ಫ್ರೀಡ್ರಿಖ್ ಸ್ಪಿಟ್ಲರ್ ಹೊಸ ಸಂಸ್ಥೆಯ ಹುಟ್ಟಿಗೆ ಮುಖ್ಯ ಪ್ರೇರಕನಾದನು. 1816ರಲ್ಲಿ ಕ್ರಿಶ್ಚಿಯನ್ ಗೋಟ್ಲೀಬ್ ಬ್ಲುಮ್‌ಹಾರ್ಟನ ಮೇಲ್ವಿಚಾರಣೆಯಲ್ಲಿ ಏಳು ಮಂದಿ ವಿದ್ಯಾರ್ಥಿಗಳೊಂದಿಗೆ ಮಿಶನರಿ ಶಾಲೆಯು ಆರಂಭವಾಯಿತು. ಮೊದಮೊದಲು ಇಲ್ಲಿ ತರಬೇತಿ ಪಡೆದವರು ಇಂಗ್ಲೆಂಡಿನ ಚರ್ಚ್ ಮಿಶನರಿ ಸೊಸೈಟಿಯೂ ಸೇರಿದಂತೆ ಬೇರೆ ಸಂಸ್ಥೆಗಳ ಅಧೀನದಲ್ಲಿ ದುಡಿಯಲು ಹೋಗುತ್ತಿದ್ದರು. 1820ರ ದಶಕದಲ್ಲಿ ಬಾಸೆಲ್ ಮಿಶನ್ ರಷ್ಯದ ದಕ್ಷಿಣ ಭಾಗದಲ್ಲಿಯೂ ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿಯೂ ತನ್ನದೇ ಕಾರ್ಯಕ್ಷೇತ್ರಗಳನ್ನು ತೆರೆಯಿತು. ಬ್ರಿಟಿಷೇತರ ಮಿಶನರಿಗಳಿಗೆ ಭಾರತದ ಬಾಗಿಲು 1833ರ ಸನದಿನಿಂದ ತೆರೆದ ಬಳಿಕ, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯ ಮಾರ್ಗವಾಗಿ ಮಂಗಳೂರನ್ನು ತಲುಪಿದರು.

ಸಂಸ್ಥೆಯು ಸ್ವಿಟ್ಜರ್ಲೆಂಡಿನದಾದರೂ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ನೈರುತ್ಯ ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಂದ ಬರುತ್ತಿದ್ದರು. ಆದುದರಿಂದ ಸೆಮಿನರಿಯ ಜೀವನವು ಅವರಿಗೆ ಪರದೇಶವಾಸದ ಮೊದಲ ಅನುಭವವೂ ಆಗಿತ್ತು. ವುರ್ಟೆಂಬರ್ಗಿನಲ್ಲಿ ಪಿಯೆಟಿಸಂ ಎಂಬ ಭಕ್ತಿಪಂಥವು ಆಳವಾಗಿ ಬೇರೂರಿತ್ತು. ಚರ್ಚಿನ ವಿಧಿಗಳನ್ನು ಪಾಲಿಸಿದರೆ ಸಾಲದು, ಪ್ರತಿಯೊಬ್ಬನೂ ತನ್ನ ಪಾಪವನ್ನು ಅರಿತು, ಪಶ್ಚಾತ್ತಾಪಪಟ್ಟು, ಹೊಸ ಜನ್ಮವನ್ನು ಪಡೆದಿರಬೇಕು, ಆ ಹೊಸ ಜನ್ಮದ ಗುರುತು ನಿತ್ಯದ ನಡತೆಯಲ್ಲಿ ಕಾಣಬೇಕು ಎಂಬುದು ಈ ಪಂಥದ ತಿರುಳು. ರೈತರು ಮತ್ತು ಕಸುಬುದಾರರು ಸಂಜೆಯ ಹೊತ್ತು ಮನೆಗಳಲ್ಲಿ ಕೂಡಿ ಬೈಬಲನ್ನು ಓದಿ ಚರ್ಚಿಸುವ ಕೂಟಗಳು ಅಲ್ಲಿ ಸಾಮಾನ್ಯವಾಗಿದ್ದವು. ಆ ನಾಡಿನ ದೇವಶಾಸ್ತ್ರಜ್ಞ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ 1836ರಲ್ಲಿ ಯುಗಪರಿವರ್ತನೆಯಾಗುವುದೆಂದು ಬೈಬಲಿನ ಆಧಾರದಿಂದ ಗಣಿಸಿದ್ದನು. ಕಾಲವು ಸಮೀಪಿಸಿದೆ, ಸುವಾರ್ತೆಯನ್ನು ಬೇಗ ಸಾರಬೇಕು ಎಂಬ ಆತುರವು ಆರಂಭದ ಅಭ್ಯರ್ಥಿಗಳ ಮನಸ್ಸಿನಲ್ಲಿ ಇದ್ದುದಕ್ಕೆ ಇಂತಹ ನಿರೀಕ್ಷೆಗಳೂ ಒಂದು ಕಾರಣ.

ಪ್ರವೇಶ ಮತ್ತು ಆತ್ಮವೃತ್ತಾಂತ

ಸೆಮಿನರಿಯನ್ನು ಸೇರಬಯಸುವ ಯುವಕನು ತನ್ನ ಪಾದ್ರಿಯ ಶಿಫಾರಸನ್ನೂ ತಂದೆತಾಯಿಯರ ಒಪ್ಪಿಗೆಯನ್ನೂ ಆರೋಗ್ಯದ ದೃಢೀಕರಣವನ್ನೂ ಒದಗಿಸುವುದರ ಜೊತೆಗೆ ಸ್ವಹಸ್ತದಲ್ಲಿ ಬರೆದ ಆತ್ಮವೃತ್ತಾಂತವೊಂದನ್ನು ಕಳುಹಿಸಬೇಕಾಗಿತ್ತು. ಹುಟ್ಟಿದ ಊರು, ಕಲಿತ ಕಸುಬು ಇವುಗಳ ವಿವರಕ್ಕಿಂತ ಮಿಗಿಲಾಗಿ, ಬರೆಯುವವನ ಮನಸ್ಸು ಯಾವಾಗ ಮತ್ತು ಹೇಗೆ ತಿರುಗಿತು, ಪರದೇಶದಲ್ಲಿ ಸೇವೆ ಮಾಡಲು ದೇವರು ತನ್ನನ್ನು ಕರೆದಿದ್ದಾನೆಂದು ಅವನಿಗೆ ಮನವರಿಕೆಯಾದುದು ಹೇಗೆ ಎಂಬುದೇ ಅದರಲ್ಲಿ ಮುಖ್ಯವಾಗಿರುತ್ತಿತ್ತು. ಸಂಸ್ಥೆಯನ್ನು ಆಳುತ್ತಿದ್ದ ಸಮಿತಿಯು ಇದನ್ನು ಸೂಕ್ಷ್ಮವಾಗಿ ಪರಿಶೀಲಿಸುತ್ತಿತ್ತು. ಬಡಗಿ, ನೇಕಾರ, ಚಮ್ಮಾರ ಅಥವಾ ರೈತನ ಮಗನು ತನ್ನ ಅಂತರಂಗವನ್ನು ಅಕ್ಷರಕ್ಕೆ ಇಳಿಸಲು ಕಲಿತದ್ದು ಬಹುಶಃ ಈ ಸಂದರ್ಭದಲ್ಲಿಯೇ. ಮುಂದೆ ಕಾರ್ಯಕ್ಷೇತ್ರದಿಂದ ನಿಯಮಿತವಾಗಿ ಕಳುಹಿಸಬೇಕಾಗಿದ್ದ ವರದಿಗಳಲ್ಲಿಯೂ ಇದೇ ಆತ್ಮಪರೀಕ್ಷೆಯ ಧಾಟಿ ಮುಂದುವರಿಯಿತು. ಬಾಸೆಲ್‌ನ ದಾಖಲೆ ಸಂಗ್ರಹಾಲಯದಲ್ಲಿ ಉಳಿದಿರುವ ಈ ಬರಹಗಳು ಇಂದು ಕರಾವಳಿ ಕರ್ನಾಟಕದ ಸಾಮಾಜಿಕ ಇತಿಹಾಸಕ್ಕೂ ಆಕರಗಳಾಗಿವೆ.

ಎಲ್ಲ ಅಭ್ಯರ್ಥಿಗಳೂ ಕಸುಬುದಾರರಾಗಿರಲಿಲ್ಲ. ಹೆಬಿಕ್ ಜರ್ಮನಿಯ ಲ್ಯೂಬೆಕ್ ನಗರದ ವ್ಯಾಪಾರ ಸಂಸ್ಥೆಯೊಂದರಲ್ಲಿ ದುಡಿದು ಬಂದವನು. ಹರ್ಮನ್ ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿದವನು. ಫರ್ಡಿನಾಂಡ್ ಕಿಟೆಲ್ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲೆಂಡಿನ ಪಾದ್ರಿಯೊಬ್ಬರ ಮಗನಾಗಿದ್ದು, 1850ರಲ್ಲಿ ಸೆಮಿನರಿಯನ್ನು ಸೇರಿದನು. ವಿಶ್ವವಿದ್ಯಾಲಯದ ಓದುಳ್ಳವರೂ ಹಳ್ಳಿಯ ಶಾಲೆಯನ್ನಷ್ಟೇ ಕಂಡವರೂ ಒಂದೇ ಸಂಸ್ಥೆಯ ಸಹೋದರರೆನಿಸಿಕೊಂಡುದು ಮಿಶನ್ನಿಗೆ ಬಲವನ್ನು ತಂದುಕೊಟ್ಟಂತೆಯೇ ತಿಕ್ಕಾಟವನ್ನೂ ತಂದಿತು.

ದಿನಚರಿ, ಪಾಠ ಮತ್ತು ಕೈಕೆಲಸ

ಸೆಮಿನರಿಯ ದಿನವು ಮುಂಜಾನೆಯ ಗಂಟೆಯ ಸದ್ದಿನಿಂದ ಆರಂಭವಾಗಿ ರಾತ್ರಿಯ ಸಾಮೂಹಿಕ ಪ್ರಾರ್ಥನೆಯಲ್ಲಿ ಮುಗಿಯುತ್ತಿತ್ತು. ಇವುಗಳ ನಡುವಿನ ಪ್ರತಿಯೊಂದು ಅವಧಿಯೂ ಮನೆಯ ನಿಯಮಾವಳಿಯಿಂದ ನಿರ್ಧರಿತವಾಗಿರುತ್ತಿತ್ತು. ಬೈಬಲಿನ ವ್ಯಾಖ್ಯಾನ, ಸಿದ್ಧಾಂತ, ಸಭೆಯ ಇತಿಹಾಸ, ಪ್ರಸಂಗ ಮಾಡುವ ಕಲೆ, ಪ್ರಶ್ನೋತ್ತರ ರೂಪದ ಧರ್ಮಬೋಧೆ ಇವುಗಳೊಂದಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್ ಭಾಷೆಗಳನ್ನೂ ಭೂಗೋಳ, ಗಣಿತ, ಸಂಗೀತ, ಚಿತ್ರಲೇಖನಗಳನ್ನೂ ಕಲಿಸಲಾಗುತ್ತಿತ್ತು. ಮೊದಲು ಕೆಲವೇ ವರ್ಷಗಳದ್ದಾಗಿದ್ದ ಈ ಶಿಕ್ಷಣವು ಶತಮಾನ ಮುಂದುವರಿದಂತೆ ಐದಾರು ವರ್ಷಗಳಿಗೆ ಬೆಳೆಯಿತು. ಹಳ್ಳಿಯ ಯುವಕನಿಗೆ ಹೀಬ್ರೂ ವ್ಯಾಕರಣವು ಸುಲಭದ ತುತ್ತಾಗಿರಲಿಲ್ಲ. ಆದರೆ ಅನ್ಯ ಲಿಪಿಯೊಂದನ್ನು ಕಲಿತು, ಅದರ ಧಾತುಗಳನ್ನು ಬಿಡಿಸಿ ನೋಡಿ, ಒಂದೊಂದು ಪದವನ್ನೂ ಮೂಲದೊಂದಿಗೆ ಹೋಲಿಸುವ ಅಭ್ಯಾಸವು ಅವನಿಗೆ ಅಲ್ಲಿಯೇ ದೊರೆಯಿತು. ಕಾರ್ಯಕ್ಷೇತ್ರದ ಭಾಷೆಯನ್ನು ಬಹುಮಟ್ಟಿಗೆ ಅಲ್ಲಿಗೆ ಹೋದ ಮೇಲೆಯೇ ಕಲಿಯಬೇಕಾಗಿದ್ದುದರಿಂದ ಈ ಅಭ್ಯಾಸವೇ ಅವನ ಮುಖ್ಯ ಬಂಡವಾಳವಾಯಿತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿ, 1894ರಲ್ಲಿ ನಿಘಂಟನ್ನು ಹೊರತಂದ ಕಿಟೆಲನ ಪಾಂಡಿತ್ಯಕ್ಕೆ ಅವನ ಸ್ವಂತ ಪ್ರತಿಭೆಯೂ ಕನ್ನಡ ಪಂಡಿತರ ನೆರವೂ ಮುಖ್ಯ ಕಾರಣಗಳಾಗಿದ್ದರೂ, ಪಠ್ಯವನ್ನು ಶಬ್ದಶಬ್ದವಾಗಿ ಅರಸುವ ಈ ಶಿಸ್ತನ್ನು ಕಡೆಗಣಿಸುವಂತಿಲ್ಲ.

ಓದಿನಷ್ಟೇ ಪ್ರಾಮುಖ್ಯ ಕೈಕೆಲಸಕ್ಕೂ ಇತ್ತು. ಸೌದೆ ಸೀಳುವುದು, ತೋಟದ ಕೆಲಸ, ಮರಗೆಲಸ, ಪುಸ್ತಕಗಳಿಗೆ ರಟ್ಟು ಕಟ್ಟುವುದು ಮೊದಲಾದವು ದಿನದ ವೇಳಾಪಟ್ಟಿಯ ಭಾಗಗಳಾಗಿದ್ದವು. ದುಡಿಮೆಯು ದೇಹವನ್ನು ದೂರದೇಶದ ಕಷ್ಟಕ್ಕೆ ಹದಗೊಳಿಸುವುದಲ್ಲದೆ, ಓದಿನಿಂದ ಹುಟ್ಟಬಹುದಾದ ಅಹಂಕಾರವನ್ನೂ ತಗ್ಗಿಸುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಕಾಯಕವನ್ನು ಭಕ್ತಿಯ ಭಾಗವೆಂದು ಕಂಡ ಈ ದೃಷ್ಟಿಯ ಹಿನ್ನೆಲೆಯಿಲ್ಲದೆ, ಮಂಗಳೂರಿನಲ್ಲಿ ನೇಯ್ಗೆಯ ಕೇಂದ್ರವೂ 1865ರಲ್ಲಿ ಹೆಂಚಿನ ಕಾರ್ಖಾನೆಯೂ ಮಿಶನ್ನಿನ ಆಶ್ರಯದಲ್ಲಿಯೇ ಏಕೆ ತಲೆಯೆತ್ತಿದವು ಎಂಬುದು ಪೂರ್ಣವಾಗಿ ಅರ್ಥವಾಗದು. ಜಾತಿ ಮತ್ತು ಕುಟುಂಬದ ಆಸರೆಯನ್ನು ಕಳೆದುಕೊಂಡ ಹೊಸ ಕ್ರೈಸ್ತರಿಗೆ ಜೀವನೋಪಾಯವನ್ನು ಒದಗಿಸುವ ಅಗತ್ಯವು ತಕ್ಷಣದ ಕಾರಣವಾಗಿದ್ದರೆ, ದುಡಿಮೆಯೇ ಸಚ್ಚಾರಿತ್ರ್ಯದ ಶಾಲೆಯೆಂಬ ಬಾಸೆಲ್‌ನ ಪಾಠವು ಅದರ ಹಿಂದಿನ ಪ್ರೇರಣೆಯಾಗಿತ್ತು.

ಅಭ್ಯರ್ಥಿಯ ಅನ್ನ ವಸ್ತ್ರಗಳ ವೆಚ್ಚವು ಭಕ್ತರ ದೇಣಿಗೆಯಿಂದಲೇ ನಡೆಯಬೇಕಾಗಿತ್ತು. 1855ರಲ್ಲಿ ಆರಂಭವಾದ ‘ಅರ್ಧ ಬಾಟ್ಸೆನ್’ ವಂತಿಗೆಯು, ಬಾಟ್ಸೆನ್ ಎಂಬ ಹಳೆಯ ಸ್ವಿಸ್ ನಾಣ್ಯದ ಅರ್ಧದಷ್ಟು ಅಲ್ಪ ಮೊತ್ತವನ್ನು ವಾರಕ್ಕೊಮ್ಮೆ ಸಾಮಾನ್ಯ ಕುಟುಂಬಗಳಿಂದ ಸಂಗ್ರಹಿಸುವ ಕ್ರಮವಾಗಿತ್ತು. ಬಡ ವಿಧವೆಯೂ ಕೂಲಿಕಾರನೂ ಕೊಟ್ಟ ಕಾಸಿನಿಂದ ತನ್ನ ಓದು ಸಾಗುತ್ತಿದೆ ಎಂಬ ಅರಿವು ಅಭ್ಯರ್ಥಿಯಲ್ಲಿ ಕೃತಜ್ಞತೆಯನ್ನು ಹುಟ್ಟಿಸುತ್ತಿತ್ತು, ಜೊತೆಗೆ ಹಿಂದೆ ಸರಿಯಲಾಗದಂತಹ ಹೊಣೆಯನ್ನೂ ಹೊರಿಸುತ್ತಿತ್ತು.

ಶಿಸ್ತು, ಪರಸ್ಪರ ನಿಗಾ ಮತ್ತು ವಿವಾಹದ ನಿಯಮ

ಸೆಮಿನರಿಯ ಶಿಸ್ತು 1850ರಿಂದ 1879ರವರೆಗೆ ಇನ್‌ಸ್ಪೆಕ್ಟರ್, ಅಂದರೆ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಯೋಸೆಫ್ ಯೋಸೆನ್‌ಹಾನ್ಸನ ಕಾಲದಲ್ಲಿ ಅತ್ಯಂತ ಬಿಗಿಯಾಯಿತು. ಶಿಕ್ಷಕರ ಮೇಲ್ವಿಚಾರಣೆಯಷ್ಟೇ ಅಲ್ಲದೆ ಸಹೋದರರು ಒಬ್ಬರನ್ನೊಬ್ಬರು ಗಮನಿಸುವುದೂ ಇಲ್ಲಿ ಕರ್ತವ್ಯವಾಗಿತ್ತು. ಜೊತೆಗಾರನಲ್ಲಿ ಆಲಸ್ಯ, ಕೋಪ ಅಥವಾ ಗರ್ವ ಕಂಡುಬಂದರೆ ಅದನ್ನು ಅವನಿಗೆ ತಿಳಿಯಹೇಳುವುದು, ಅಗತ್ಯವಾದರೆ ಹಿರಿಯರ ಗಮನಕ್ಕೆ ತರುವುದು ಸಹೋದರ ಪ್ರೀತಿಯ ಲಕ್ಷಣವೆಂದು ಬೋಧಿಸಲಾಗುತ್ತಿತ್ತು. ಸಂಸ್ಥೆಯ ದಾಖಲೆಗಳನ್ನು ಆಧರಿಸಿ 1994ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಸಮಾಜಶಾಸ್ತ್ರಜ್ಞ ಜಾನ್ ಮಿಲ್ಲರ್, ಇಂತಹ ನಿಗಾ ವ್ಯವಸ್ಥೆಯು ಸದಸ್ಯರ ನಡುವೆ ಅಪನಂಬಿಕೆಯನ್ನು ಬಿತ್ತಿದರೂ ಸಮಾನ ವಿಶ್ವಾಸದ ಬಲದಿಂದ ಸಂಸ್ಥೆಯು ಉಳಿದು ಬೆಳೆಯಿತೆಂದು ವಿವೇಚಿಸಿದ್ದಾರೆ.

ಈ ವ್ಯವಸ್ಥೆಯೊಳಗೆ ಒಂದು ಮೂಲಭೂತ ವಿರೋಧವಿತ್ತು. ದೇವರ ಕರೆಯನ್ನು ನೇರವಾಗಿ ಕೇಳಿದ್ದೇನೆಂಬ ದೃಢನಂಬಿಕೆ ಇದ್ದವನನ್ನೇ ಸೆಮಿನರಿಯು ಆರಿಸುತ್ತಿತ್ತು. ಆರಿಸಿದ ಮೇಲೆ ಅವನು ಸಮಿತಿಯ ಆಜ್ಞೆಯನ್ನು ದೇವರ ಇಚ್ಛೆಯೆಂದು ಸ್ವೀಕರಿಸಬೇಕೆಂದು ಅಪೇಕ್ಷಿಸುತ್ತಿತ್ತು. ವಿವಾಹದ ವಿಷಯದಲ್ಲಿ ಈ ಬಿಕ್ಕಟ್ಟು ಎದ್ದು ಕಾಣುತ್ತದೆ. ತರಬೇತಿಯ ಕಾಲದಲ್ಲಿ ಮದುವೆಯ ನಿಶ್ಚಯಕ್ಕೆ ಅವಕಾಶವಿರಲಿಲ್ಲ. 1837ರ ನಿಯಮದಂತೆ, ಕಾರ್ಯಕ್ಷೇತ್ರದಲ್ಲಿ ಎರಡು ವರ್ಷಗಳನ್ನು ಕಳೆದ ಬಳಿಕವಷ್ಟೇ ಮಿಶನರಿಯು ಮದುವೆಗಾಗಿ ಸಮಿತಿಯ ಅನುಮತಿಯನ್ನು ಬೇಡಬಹುದಾಗಿತ್ತು. ಹೀಗಾಗಿ ಮುಖಪರಿಚಯವೇ ಇಲ್ಲದ ವಧುವು ಹಡಗಿನಲ್ಲಿ ಬಂದು ವರನನ್ನು ಸೇರುವ ಪ್ರಸಂಗಗಳು ನಡೆದವು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ವಿವಾಹವಾದುದು 1860ರಲ್ಲಿ. ಹೆಬಿಕ್ 25 ವರ್ಷಗಳ ಕಾಲ ಭಾರತದಲ್ಲಿದ್ದು ಅವಿವಾಹಿತನಾಗಿಯೇ ಉಳಿದನು. ಗೋಲ್ಡ್ ಕೋಸ್ಟಿನಲ್ಲಿದ್ದ ಯೋಹಾನೆಸ್ ಜಿಮ್ಮರ್‌ಮನ್ 1851ರಲ್ಲಿ ಸಮಿತಿಯ ಅನುಮತಿಯಿಲ್ಲದೆ ಕ್ಯಾಥರೀನ್ ಮಲ್‌ಗ್ರೇವ್ ಎಂಬ ಆಫ್ರಿಕ ಮೂಲದ ಶಿಕ್ಷಕಿಯನ್ನು ಮದುವೆಯಾದನು. ಆದರೂ ಮಿಶನ್ ಅವನನ್ನು ಹೊರಹಾಕಲಿಲ್ಲ.

ಮರಣದ ಸಂಭವವು ಈ ವಿಧೇಯತೆಯನ್ನು ಇನ್ನಷ್ಟು ತೀವ್ರಗೊಳಿಸಿತು. ಗೋಲ್ಡ್ ಕೋಸ್ಟಿಗೆ 1828ರಲ್ಲಿ ತಲುಪಿದ ನಾಲ್ವರಲ್ಲಿ ಮೂವರು ಮರುವರ್ಷವೇ ತೀರಿಕೊಂಡರು. ಇಂತಹ ಸುದ್ದಿಯನ್ನು ಕೇಳಿಯೂ ಅದೇ ದಾರಿಗೆ ಸಿದ್ಧನಾಗುತ್ತಿದ್ದ ಅಭ್ಯರ್ಥಿಗೆ ವಿಶ್ವಾಸವು ಪ್ರಾಣವನ್ನು ಒತ್ತೆಯಿಡುವ ನಿರ್ಧಾರವೇ ಆಗಿತ್ತು.

ಮಂಗಳೂರಿನಿಂದ ಬಾಸೆಲ್‌ಗೆ: ಆನಂದರಾವ್ ಕೌಂಡಿನ್ಯ

ಯುರೋಪಿನವರಿಗಾಗಿ ರೂಪುಗೊಂಡ ಈ ಸೆಮಿನರಿಯಲ್ಲಿ ಮಂಗಳೂರಿನವರೊಬ್ಬರೂ ಓದಿದರೆಂಬುದು ವಿಶೇಷ ಗಮನಕ್ಕೆ ಅರ್ಹವಾಗಿದೆ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಆನಂದರಾವ್ ಕೌಂಡಿನ್ಯ ಅವರು ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ಇನ್ನಿಬ್ಬರು ಸಾರಸ್ವತ ಯುವಕರೊಂದಿಗೆ ದೀಕ್ಷಾಸ್ನಾನವನ್ನು ಪಡೆದರು. ಗುರು ಮೊಗ್ಲಿಂಗನ ಹೆಸರನ್ನು ಸೇರಿಸಿಕೊಂಡು ಅವರು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಈ ಘಟನೆಯು ಊರಿನಲ್ಲಿ ಭಾರಿ ಕೋಲಾಹಲವನ್ನು ಎಬ್ಬಿಸಿತು. 1846ರಲ್ಲಿ ಬಾಸೆಲ್‌ಗೆ ತೆರಳಿದ ಅವರು 1851ರವರೆಗೆ ಅಲ್ಲಿ ಅಭ್ಯಾಸ ಮಾಡಿ, ಪಾದ್ರಿಯಾಗಿ ಅಭಿಷಿಕ್ತರಾಗಿ ಮರಳಿದರು.

ವುರ್ಟೆಂಬರ್ಗಿನ ಹುಡುಗನಿಗೆ ಸೆಮಿನರಿಯ ಪ್ರಾರ್ಥನೆ, ಹಾಡು, ಊಟ ಇವೆಲ್ಲವೂ ಹುಟ್ಟಿದ ಮನೆಯ ಮುಂದುವರಿಕೆಯಾಗಿದ್ದವು. ಕೌಂಡಿನ್ಯರಿಗಾದರೋ ಒಡನೆ ಕುಳಿತು ಉಣ್ಣುವುದು, ಸೌದೆ ಸೀಳುವಂತಹ ಮೈಕೆಲಸ, ಜರ್ಮನ್ ಭಾಷೆಯಲ್ಲಿ ದೇವರನ್ನು ಸ್ತುತಿಸುವುದು ಒಂದೊಂದೂ ಹುಟ್ಟಿದ ಕುಲದ ಆಚಾರಕ್ಕೆ ಹೊರಗಾಗಿದ್ದವು. ಅವರು ದಾಟಿದ್ದು ಕಡಲನ್ನು ಮಾತ್ರವಲ್ಲ, ಕುಟುಂಬದ ಎಲ್ಲೆಯನ್ನೂ ದಾಟಿದ್ದರು. ಅವರು ಕ್ರೈಸ್ತರಾದ ಮೇಲೆ ಪತ್ನಿಯು ಅವರೊಡನೆ ಬಾಳಲು ಬರಲಿಲ್ಲ. 1860ರಲ್ಲಿ ಅವರು ವುರ್ಟೆಂಬರ್ಗಿನ ಮರಿಯಾ ರೈನ್‌ಹಾರ್ಟ್ ಅವರನ್ನು ವಿವಾಹವಾದರು. ಬಾಸೆಲ್‌ನ ವ್ಯಾಸಂಗವು ಅವರಿಗೆ ಯುರೋಪಿನ ಮಿಶನರಿಗಳ ಸಾಲಿನಲ್ಲಿ ಸ್ಥಾನವನ್ನು ಕೊಟ್ಟಿತು. ಮಂಗಳೂರಿನ ಸೆಮಿನರಿಯಲ್ಲಿ ಅವರು ಉಪದೇಶಿಗಳನ್ನು, ಅಂದರೆ ಊರೂರಿನಲ್ಲಿ ಧರ್ಮಬೋಧೆ ಮಾಡುವ ಸ್ಥಳೀಯ ಕಾರ್ಯಕರ್ತರನ್ನು, ತರಬೇತಿಗೊಳಿಸುವ ಕೆಲಸದಲ್ಲಿ ತೊಡಗಿದರು. ಕೊಡಗಿನ ಆನಂದಪುರದಲ್ಲಿ ಮೊಗ್ಲಿಂಗ್ ಕಟ್ಟಿದ ಕ್ರೈಸ್ತ ನೆಲೆಯೊಂದಿಗೂ ಅವರ ಹೆಸರು ಕೂಡಿಕೊಂಡಿದೆ. ಬಾಸೆಲ್‌ನಲ್ಲಿ ಅವರ ಕೊನೆಯ ವರ್ಷಕ್ಕೂ ಕಿಟೆಲನ ಮೊದಲ ವರ್ಷಕ್ಕೂ ಕಾಲವು ಕೂಡಿಬರುವುದು ಕನ್ನಡದ ಇತಿಹಾಸಕಾರರು ಗಮನಿಸಬೇಕಾದ ಸಂಗತಿ.

ಉಪಸಂಹಾರ

ಕನ್ನಡಕ್ಕೆ ಬಾಸೆಲ್ ಮಿಶನರಿಗಳು ಸಲ್ಲಿಸಿದ ಸೇವೆಯನ್ನು ಕೇವಲ ವ್ಯಕ್ತಿಗಳ ಔದಾರ್ಯವೆಂದು ಹೊಗಳುವುದೂ ಕೇವಲ ಮತಾಂತರದ ಉಪಾಯವೆಂದು ತಳ್ಳಿಹಾಕುವುದೂ ಸೆಮಿನರಿಯ ಇತಿಹಾಸದ ಬೆಳಕಿನಲ್ಲಿ ಅಪೂರ್ಣವೆನಿಸುತ್ತವೆ. ಮತಪ್ರಚಾರವೇ ಅವರ ಗುರಿಯಾಗಿದ್ದಿತು, ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಆದರೆ ಆ ಗುರಿಗಾಗಿ ಅವರು ಪಡೆದ ತರಬೇತಿಯು ತಾಳ್ಮೆ, ಬರವಣಿಗೆಯ ನಿಷ್ಠೆ, ಕೈಕೆಲಸದ ಗೌರವ ಮತ್ತು ಭಾಷೆಯ ಸೂಕ್ಷ್ಮ ಪರಿಶೀಲನೆಯನ್ನು ಅವರ ಸ್ವಭಾವವಾಗಿಸಿತು. ಅದೇ ತರಬೇತಿಯು ವಿಧೇಯತೆಯನ್ನು ಮಿತಿಮೀರಿ ಬೇಡಿ, ಅವರ ಖಾಸಗಿ ಬದುಕಿನ ಮೇಲೆ ಕಠಿಣವಾದ ಹಿಡಿತವನ್ನೂ ಸಾಧಿಸಿತು. ಕಿಟೆಲನ ಪಾಂಡಿತ್ಯವಾಗಲಿ, ಕೌಂಡಿನ್ಯರ ಬೋಧಕವೃತ್ತಿಯಾಗಲಿ ನಿಯಮವನ್ನು ಪಾಲಿಸಿದ್ದರಿಂದ ಮಾತ್ರ ಸಾಧ್ಯವಾದವಲ್ಲ. ನಿಯಮವು ಕೊಟ್ಟ ಶಕ್ತಿಯನ್ನು ಅವರು ಅದು ಊಹಿಸದಿದ್ದ ಕಾರ್ಯಗಳಲ್ಲಿ ತೊಡಗಿಸಿದರು. ಆದಕಾರಣ ಕರ್ನಾಟಕದಲ್ಲಿ ಮಿಶನ್ನಿನ ಇತಿಹಾಸವನ್ನು ಬರೆಯುವವರು ಮಂಗಳೂರು, ಧಾರವಾಡ, ಕೊಡಗುಗಳ ದಾಖಲೆಗಳೊಂದಿಗೆ ಬಾಸೆಲ್‌ನ ಪ್ರವೇಶಪತ್ರಗಳನ್ನೂ ನಿಯಮಾವಳಿಗಳನ್ನೂ ಆತ್ಮವೃತ್ತಾಂತಗಳನ್ನೂ ಒಟ್ಟಿಗೆ ಇಟ್ಟು ಓದುವುದು ಅಗತ್ಯ. ಇಲ್ಲಿ ನಡೆದ ಕಾರ್ಯದ ಸಾಧನೆಗೂ ಮಿತಿಗೂ ನಿಜವಾದ ವಿವರಣೆ ದೊರೆಯುವುದು ಈ ಎರಡೂ ಆಕರಗಳನ್ನು ಒಂದನ್ನೊಂದು ಎದುರಿಟ್ಟು ನೋಡಿದಾಗಲೇ.