ಹೆರಿಗೆ ದಾಖಲೆಗಳು ಹೇಳಿದ ಗರ್ಭದ ಕಥೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ಯಾವ ತಾಲ್ಲೂಕಿನ ಹಳ್ಳಿಗೇ ಹೋಗಿ, ಬಾಣಂತಿಯ ತಾಯಿ ಕಾರ್ಡಿನಲ್ಲಿ ಮಗುವಿನ ಹುಟ್ಟುತೂಕ ಬರೆದಿರುತ್ತದೆ. ಅದು 2.5 ಕಿ.ಗ್ರಾಂ.ಗಿಂತ ಕಡಿಮೆಯಾದರೆ ಆಶಾ ಕಾರ್ಯಕರ್ತೆ ಆ ಮನೆಗೆ ಹೆಚ್ಚು ಬಾರಿ ಹೋಗಬೇಕು. ಮಗು ಚೇತರಿಸಿಕೊಂಡ ಮೇಲೆ ಆ ಅಂಕಿಯನ್ನು ಯಾರೂ ನೆನೆಯುವುದಿಲ್ಲ. ಆದರೆ ಐವತ್ತು ವರ್ಷಗಳ ನಂತರವೂ ಅದಕ್ಕೆ ಅರ್ಥವಿದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳು ಸಾಕ್ಷಿ ನುಡಿದವು.

ಅದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ತಾಯಿಯ ತೂಕವನ್ನೂ ದಾಖಲಿಸುತ್ತಿದ್ದರು.

ಮೂರು ಅಳತೆಗಳು ಏಕೆ ಮುಖ್ಯ? ಗರ್ಭದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ನಿಷೇಚನಗೊಂಡ ಅಂಡ ಆರೇಳು ದಿನಗಳಲ್ಲಿ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕನೆಯ ವಾರದಲ್ಲಿ ಹೃದಯ ಮಿಡಿಯತೊಡಗುತ್ತದೆ. ಎಂಟು ವಾರ ಮುಗಿಯುವಾಗ ಭ್ರೂಣದ ಉದ್ದ ಸುಮಾರು 3 ಸೆಂ.ಮೀ. ಮಾತ್ರ, ಆದರೂ ಮುಖ್ಯ ಅಂಗಗಳೆಲ್ಲದರ ಬುನಾದಿ ಬಿದ್ದಿರುತ್ತದೆ. ಮುಂದಿನದು ಬಹುಮಟ್ಟಿಗೆ ಬೆಳವಣಿಗೆಯ ಕಾಲ. ಕೊನೆಯ ಮುಟ್ಟಿನಿಂದ ಎಣಿಸುವ ವೈದ್ಯರ ಲೆಕ್ಕದಲ್ಲಿ 20ನೇ ವಾರಕ್ಕೆ ಶಿಶು ಹುಟ್ಟುವಾಗಿನ ಉದ್ದದ ಸುಮಾರು ಅರ್ಧವನ್ನು ಮುಟ್ಟಿರುತ್ತದೆ. ತೂಕ ಇನ್ನೂ ಅರ್ಧ ಕಿಲೋ ಕೂಡ ಇರುವುದಿಲ್ಲ. 28ನೇ ವಾರದಲ್ಲಿ ಸುಮಾರು 1 ಕಿ.ಗ್ರಾಂ. ಇದ್ದ ತೂಕ ಕೊನೆಯ 12 ವಾರಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಆದ್ದರಿಂದ ಉದ್ದ ಮತ್ತು ತೂಕಗಳನ್ನು ಜೋಡಿಸಿ ನೋಡಿದರೆ, ಪೋಷಣೆ ಯಾವ ಹಂತದಲ್ಲಿ ಸೊರಗಿತೆಂದು ಊಹಿಸಬಹುದು. ಪೋಷಣೆ ಕಡಿಮೆಯಾದಾಗ ಶಿಶುವಿನ ದೇಹ ಮಿದುಳಿಗೆ ರಕ್ತವನ್ನು ಉಳಿಸಿ, ಬೇರೆ ಅಂಗಗಳ ಪಾಲನ್ನು ಕತ್ತರಿಸುತ್ತದೆ. ಈ ಕಡಿತದ ಬೆಲೆಯನ್ನು ನಂತರ ತೆರಬೇಕಾಗಬಹುದು. ಮೂತ್ರಪಿಂಡವನ್ನೇ ನೋಡಿ: ಸುಮಾರು 36ನೇ ವಾರದ ಮೇಲೆ ಹೊಸ ನೆಫ್ರಾನ್‌ಗಳು ಹುಟ್ಟುವುದಿಲ್ಲ.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ 1989ರಲ್ಲಿ ಹರ್ಟ್‌ಫರ್ಡ್‌ಷೈರಿನ ಹಳೆಯ ದಾಖಲೆಗಳಿಂದ, ಹುಟ್ಟುವಾಗಲೂ ಒಂದು ವರ್ಷ ತುಂಬಿದಾಗಲೂ ಹಗುರವಾಗಿದ್ದ ಗಂಡಸರಲ್ಲಿ ಹೃದ್ರೋಗದ ಸಾವು ಹೆಚ್ಚೆಂದು ತೋರಿಸಿದ್ದರು. ಇದು ಭಾರತದಲ್ಲೂ ನಿಜವೆ? ಬಾರ್ಕರ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದವರ ತಂಡ ಮೈಸೂರಿನ ಆಸ್ಪತ್ರೆಯಲ್ಲಿ 1934–54ರ ನಡುವೆ ಹುಟ್ಟಿ, ಆ ಸುತ್ತಿನಲ್ಲೇ ವಾಸವಾಗಿದ್ದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿತು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 2.5 ಕಿ.ಗ್ರಾಂ. ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ 11%ಗೆ ಹೃದಯದ ರಕ್ತನಾಳಗಳ ರೋಗ, 3.1 ಕಿ.ಗ್ರಾಂ. ಮೀರಿದವರಲ್ಲಿ 3%. ತಾನೂ ಹಗುರ, ಗರ್ಭಿಣಿ ತಾಯಿಯೂ 45 ಕಿ.ಗ್ರಾಂ.ಗಿಂತ ಹಗುರ ಎಂಬಂಥವರಲ್ಲಿ 20%.

ಇದೊಂದು ಸಂಬಂಧವೇ ಹೊರತು ಕಾರಣದ ರುಜುವಾತಲ್ಲ. 517 ದೊಡ್ಡ ಸಂಖ್ಯೆಯೂ ಅಲ್ಲ. ಹೆರಿಗೆ ಹೆಚ್ಚಾಗಿ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಆಸ್ಪತ್ರೆಗೆ ಬಂದವರು ಎಲ್ಲರ ಪ್ರತಿನಿಧಿಗಳೂ ಅಲ್ಲ.

ಹಗುರವಾಗಿ ಹುಟ್ಟುವುದೊಂದೇ ಅಪಾಯ ಎನ್ನಲೂ ಆಗಲಿಲ್ಲ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ 506 ಮಂದಿಯ ಬಗ್ಗೆ 1998ರಲ್ಲಿ ಬಂದ ವರದಿಯಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಗಿಡ್ಡವಾಗಿ, ಉದ್ದಕ್ಕೆ ಮೀರಿದ ತೂಕದೊಂದಿಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಾಗಿತ್ತು. ತಾಯಿಯ ರಕ್ತದಲ್ಲಿ ಏರಿದ್ದ ಸಕ್ಕರೆ ಜರಾಯುವಿನ ಮೂಲಕ ಶಿಶುವನ್ನು ಮುಟ್ಟಿತ್ತೆ? ಹಳೆಯ ದಾಖಲೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಾಗಾಗಿ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರ ಹೊಸ ಅಧ್ಯಯನ ಆರಂಭವಾಯಿತು. ಪರೀಕ್ಷೆಗೆ ಒಳಗಾದವರಲ್ಲಿ 6.2%ಗೆ ಗರ್ಭಕಾಲದ ಮಧುಮೇಹವಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಚರ್ಮದಡಿಯ ಕೊಬ್ಬೂ ರಕ್ತದ ಇನ್ಸುಲಿನ್ನೂ ಇತರ ಹುಡುಗಿಯರಿಗಿಂತ ಹೆಚ್ಚಾಗಿದ್ದವು.