ನರಕೋಶದ ಕ್ಲೋರೈಡ್ ಸಮತೋಲನ: ಶೋಧದ ಚರಿತ್ರೆ ಮತ್ತು ಸವಣೂರು ಸೀಮೆಯ ಹೊಲಗಳು

ಹತ್ತಿಮತ್ತೂರು ಸೇರಿದಂತೆ ಸವಣೂರು–ಹಾವೇರಿ ಸೀಮೆ ಬಹುಕಾಲ ಹತ್ತಿಗೆ ಹೆಸರಾಗಿತ್ತು; ಇಂದು ಅಲ್ಲಿ ಗೋವಿನಜೋಳದ್ದೇ ಮೇಲುಗೈ. ಈ ಎರಡೂ ಬೆಳೆಗಳಿಗೆ ಹೊಡೆದ ಪ್ರಮುಖ ಕೀಟನಾಶಕಗಳಲ್ಲಿ ಕೆಲವು ನರಕೋಶದ ಒಂದೇ ವ್ಯವಸ್ಥೆಯನ್ನು ಗುರಿಯಾಗಿಸಿಕೊಂಡಿವೆ. ಅದು ಕ್ಲೋರೈಡ್ ಅಯಾನುಗಳ ಹರಿವು. ಆ ಹರಿವಿನ ಗುಟ್ಟು ಪ್ರಯೋಗಶಾಲೆಯಲ್ಲಿ ಬಿಡಿಸಿಕೊಂಡ ಬಗೆಯನ್ನೂ, ಅದು ನಮ್ಮ ಹೊಲಗಳ ಚರಿತ್ರೆಯೊಂದಿಗೆ ಕೂಡಿಕೊಂಡ ಬಗೆಯನ್ನೂ ಒಟ್ಟಿಗೆ ಓದಿದರೆ ವಿಷಬಾಧೆಯ ಬಗೆಗಿನ ನಮ್ಮ ತಿಳಿವಳಿಕೆ ಹೆಚ್ಚು ಖಚಿತವಾಗುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಅಲಕ್ಷಿತ ಅಯಾನು

1941ರಲ್ಲಿ ಬಾಯ್ಲ್ ಮತ್ತು ಕಾನ್ವೇ ಕಪ್ಪೆಯ ಸ್ನಾಯುವನ್ನು ಪರೀಕ್ಷಿಸಿ, ಕ್ಲೋರೈಡ್ ತಾನಾಗಿಯೇ ಕೋಶದ ಒಳಗೂ ಹೊರಗೂ ಹಂಚಿಕೆಯಾಗುತ್ತದೆ ಎಂದು ತೋರಿಸಿದರು. ಸ್ನಾಯುವಿನ ಮಟ್ಟಿಗೆ ಅದು ಬಹುಪಾಲು ಸರಿಯೇ. ಆದರೆ ಅದೇ ಮಾತನ್ನು ಎಲ್ಲ ಕೋಶಗಳಿಗೂ ಅನ್ವಯಿಸಿದ್ದರಿಂದ ಸೋಡಿಯಂ, ಪೊಟ್ಯಾಸಿಯಂಗಳಿಗೆ ದಕ್ಕಿದ ಗಮನ ಕ್ಲೋರೈಡಿಗೆ ದಕ್ಕಲಿಲ್ಲ.

1955ರಲ್ಲಿ ಕ್ಯಾನ್‌ಬೆರಾದಲ್ಲಿ ಕೂಂಬ್ಸ್, ಎಕ್ಲೆಸ್ ಮತ್ತು ಫ್ಯಾಟ್ ನಡೆಸಿದ ಪ್ರಯೋಗ ಈ ದೃಷ್ಟಿಯನ್ನು ಬದಲಿಸಿತು. ಬೆಕ್ಕಿನ ಬೆನ್ನುಹುರಿಯ ಚಾಲಕ ನರಕೋಶಕ್ಕೆ ಅತಿ ಸೂಕ್ಷ್ಮವಾದ ಗಾಜಿನ ನಳಿಗೆಯನ್ನು ಚುಚ್ಚಿ, ಅದರ ಮೂಲಕ ಕ್ಲೋರೈಡನ್ನು ಒಳಸೇರಿಸಿದರು. ಅಲ್ಲಿಯವರೆಗೆ ಕೋಶವನ್ನು ತಣಿಸುತ್ತಿದ್ದ ಪ್ರತಿಬಂಧಕ ಸಂಕೇತ ತಿರುವುಮುರುವಾಗಿ ಅದನ್ನು ಕೆರಳಿಸುವ ದಿಕ್ಕಿಗೆ ಹೊರಳಿತು. ಸಂಕೇತ ಅದೇ, ಅದನ್ನು ಹಿಡಿಯುವ ಗ್ರಾಹಕ ಅದೇ; ಬದಲಾಗಿದ್ದು ಕೋಶದೊಳಗಿನ ಕ್ಲೋರೈಡ್ ಪ್ರಮಾಣ ಮಾತ್ರ.

1950ರಲ್ಲಿ ಮೆದುಳಿನಲ್ಲಿ ಪತ್ತೆಯಾಗಿದ್ದ ಗ್ಯಾಬಾ ಎಂಬ ರಾಸಾಯನಿಕವೇ ಅಲ್ಲಿ ಕ್ಲೋರೈಡ್ ಹಾದುಹೋಗುವ ದ್ವಾರಗಳನ್ನು ತೆರೆಯುವ ಮುಖ್ಯ ಸಂದೇಶವಾಹಕ ಎಂಬುದು ಮುಂದೆ ಸ್ಥಿರಪಟ್ಟಿತು. ಕೆರೆಯ ತೂಬು ತೆರೆದಾಗ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಎರಡೂ ಬದಿಯ ಮಟ್ಟ ತೀರ್ಮಾನಿಸುವಂತೆ, ಗ್ಯಾಬಾದ ಪರಿಣಾಮವನ್ನು ಕ್ಲೋರೈಡಿನ ಮಟ್ಟ ಮತ್ತು ಕೋಶದ ವಿದ್ಯುತ್ ವಿಭವ ಸೇರಿ ತೀರ್ಮಾನಿಸುತ್ತವೆ.

ಮಟ್ಟ ಕಾಯುವ ಸಾಗಣೆದಾರರು

ಆ ಮಟ್ಟವನ್ನು ಕಾಯುವವರಾರು? ಮುಖ್ಯವಾಗಿ ಎರಡು ಪ್ರೋಟೀನುಗಳು. ಎನ್‌ಕೆಸಿಸಿ1 ಸೋಡಿಯಂ, ಪೊಟ್ಯಾಸಿಯಂಗಳ ಜೊತೆಗೆ ಕ್ಲೋರೈಡನ್ನು ಒಳಗೆ ತರುತ್ತದೆ. ಕೆಸಿಸಿ2 ಪೊಟ್ಯಾಸಿಯಂ ಜೊತೆಗೆ ಅದನ್ನು ಹೊರಗೆ ಸಾಗಿಸುತ್ತದೆ. ಕೆಸಿಸಿ2ರ ಜೀನನ್ನು 1996ರಲ್ಲಿ ಗುರುತಿಸಲಾಯಿತು. ಎಳೆಯ ನರಕೋಶದಲ್ಲಿ ವಿರಳವಾಗಿರುವ ಈ ಪ್ರೋಟೀನು ಬೆಳವಣಿಗೆಯೊಂದಿಗೆ ಹೆಚ್ಚುತ್ತದೆ, ಗ್ಯಾಬಾ ತಣಿಸುವ ಸಂಕೇತವಾಗುವುದೂ ಆಗಲೇ ಎಂದು 1999ರಲ್ಲಿ ಹೆಲ್ಸಿಂಕಿಯ ಕೈ ಕೈಲಾ ಅವರ ತಂಡ ತೋರಿಸಿತು.

ಒಂದು ಲೆಕ್ಕ ನೋಡಬಹುದು. ಕೋಶದ ಹೊರಗೆ ಲೀಟರಿಗೆ 120 ಮಿಲಿಮೋಲ್, ಒಳಗೆ 6 ಮಿಲಿಮೋಲ್ ಕ್ಲೋರೈಡ್ ಇದ್ದರೆ, ದೇಹದ ಉಷ್ಣತೆಯಲ್ಲಿ ಅದರ ಸಮತೋಲನ ವಿಭವ ಸುಮಾರು −80 ಮಿಲಿವೋಲ್ಟ್. ಒಳಗಿನ ಪ್ರಮಾಣ 25ಕ್ಕೇರಿದರೆ ಅದು −42ಕ್ಕೆ ಬರುತ್ತದೆ. ಕೋಶದ ವಿಶ್ರಾಂತ ವಿಭವ −65ರ ಆಸುಪಾಸಿನಲ್ಲಿದ್ದರೆ, ಮೊದಲ ಸ್ಥಿತಿಯಲ್ಲಿ ಗ್ಯಾಬಾ ಕೋಶವನ್ನು ತಣಿಸುತ್ತದೆ, ಎರಡನೆಯದರಲ್ಲಿ ಕೆರಳಿಸಬಲ್ಲದು. ಬೆಳೆಯುತ್ತಿರುವ ಮೆದುಳಿನಲ್ಲಿ ಈ ಎರಡನೆಯ ಪರಿಣಾಮ ದೋಷವಲ್ಲ. ನರಕೋಶಗಳ ಚಲನೆ, ಬೆಳವಣಿಗೆ, ಜೋಡಣೆಗೆ ಅದು ನೆರವಾಗುತ್ತದೆ.

ಹತ್ತಿ, ಗೇರು ಮತ್ತು ಎಂಡೋಸಲ್ಫಾನ್

ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ, ಬಳಿಕ 1981ರಲ್ಲಿ ಬಂದ ಡಿಸಿಎಚ್-32 ತಳಿಗಳು ಉದ್ದ ಎಳೆಯ ಹತ್ತಿಯನ್ನೂ ಒಳ್ಳೆಯ ಆದಾಯವನ್ನೂ ತಂದವು. ಆದರೆ ಕಾಯಿಕೊರಕದ ಕಾಟದಿಂದ ಮತ್ತೆ ಮತ್ತೆ ಎಣ್ಣೆ ಹೊಡೆಯಬೇಕಾಯಿತು. ದೇಶದ ಹತ್ತಿ ಹೊಲಗಳಲ್ಲಿ ಹೇರಳವಾಗಿ ಬಳಕೆಯಾದ ಎಂಡೋಸಲ್ಫಾನ್ 1950ರ ದಶಕದಲ್ಲೇ ಮಾರುಕಟ್ಟೆಗೆ ಬಂದಿತ್ತು. ಈ ಗುಂಪಿನ ವಿಷಗಳು ಗ್ಯಾಬಾ ಗ್ರಾಹಕದ ಕ್ಲೋರೈಡ್ ದ್ವಾರವನ್ನೇ ಮುಚ್ಚುತ್ತವೆ ಎಂಬುದು ಸ್ಪಷ್ಟವಾದದ್ದು 1980ರ ದಶಕದಲ್ಲಿ. ಬಳಕೆ ಮೊದಲು ಬಂತು, ಅರಿವು ಮೂರು ದಶಕ ಹಿಂದುಳಿಯಿತು. ಪಂಜರದಂಥ ಆ ಅಣು ದ್ವಾರದ ನಡುವೆ ಸಿಕ್ಕಿಕೊಂಡಾಗ ತಣಿಸುವ ಸಂಕೇತ ನಿಂತು, ತೀವ್ರ ವಿಷಬಾಧೆಯಲ್ಲಿ ಅಪಸ್ಮಾರದಂಥ ಸೆಳೆತಗಳು ಬರುತ್ತವೆ.

ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಲ್ಲಿ ಕಂಡ ಕಾಯಿಲೆಗಳನ್ನು ವೈದ್ಯ ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಜನರೂ ಇಂಥದೇ ನೋವನ್ನು ಮುಂದಿಟ್ಟರು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಸರಗೋಡಿನ ಬಾಲಕರ ಲೈಂಗಿಕ ಬೆಳವಣಿಗೆ ತಡವಾದುದನ್ನು ದಾಖಲಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ನೀಡಿತು.

ಇಲ್ಲೊಂದು ವಿವೇಚನೆ ಅಗತ್ಯ. ಸೆಳೆತಗಳಿಗೆ ಕ್ಲೋರೈಡ್ ದ್ವಾರದ ತಡೆ ನೇರ ಕಾರಣ. ಹಾರ್ಮೋನು ಸಂಬಂಧಿ ತೊಂದರೆಗಳಿಗೆ ಬೇರೆ ದಾರಿಗಳೂ ಇರಬಲ್ಲವು. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟುವುದು ನೊಂದವರಿಗೆ ನ್ಯಾಯ ಒದಗಿಸುವುದಿಲ್ಲ. ಆದರೆ ಎಳೆಯ ಮೆದುಳಿನಲ್ಲಿ ಗ್ಯಾಬಾದ ಪಾತ್ರವೇ ಬೇರೆ ಎಂದ ಮೇಲೆ, ದೊಡ್ಡವರಿಗೆ ಸುರಕ್ಷಿತವೆಂದು ಎಣಿಸಿದ ಮಿತಿಯನ್ನು ಗರ್ಭಿಣಿಯರಿಗೂ ಶಿಶುಗಳಿಗೂ ಅನ್ವಯಿಸುವುದು ಶಾಸ್ತ್ರೀಯವಾಗಿ ಸಲ್ಲದು.

ಗೋವಿನಜೋಳದ ಕಾಲ

2018ರಲ್ಲಿ ಕರ್ನಾಟಕದ ಗೋವಿನಜೋಳದಲ್ಲೇ ಭಾರತದ ಮೊದಲ ಫಾಲ್ ಸೈನಿಕ ಹುಳು ಪತ್ತೆಯಾಯಿತು. ಅದರ ನಿಯಂತ್ರಣಕ್ಕೆ ಶಿಫಾರಸಾದ ಎಮಾಮೆಕ್ಟಿನ್ ಬೆಂಜೋಯೇಟ್ ಎಂಡೋಸಲ್ಫಾನಿಗೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಅದು ಕೀಟದ ಗ್ಲುಟಮೇಟ್ ಆಧಾರಿತ ಕ್ಲೋರೈಡ್ ದ್ವಾರವನ್ನು ತೆರೆದೇ ಇಡುತ್ತದೆ. ಹುಳು ಮೇಯುವುದನ್ನು ನಿಲ್ಲಿಸಿ ನಿಶ್ಚಲವಾಗುತ್ತದೆ. ಸಸ್ತನಿಗಳಲ್ಲಿ ಆ ದ್ವಾರವಿಲ್ಲ. ಆದರೂ ಹೆಚ್ಚಿನ ಪ್ರಮಾಣದಲ್ಲಿ ದೇಹ ಸೇರಿದರೆ ಗ್ಯಾಬಾ ಗ್ರಾಹಕದ ಮೇಲೂ ಪ್ರಭಾವ ಬೀರಿ ಮಂಪರು ತರಿಸಬಹುದು.

ಯಾವ ವಿಷ ಹೇಗೆ ಕೆಲಸ ಮಾಡುತ್ತದೆ ಎಂಬ ಈ ವ್ಯತ್ಯಾಸ ಚಿಕಿತ್ಸೆಯಲ್ಲಿ ನಿರ್ಣಾಯಕ. ಇನ್ನೊಂದು ಬಗೆಯ ಕೀಟನಾಶಕವಾದ ಆರ್ಗನೋಫಾಸ್ಫೇಟ್ ವಿಷಕ್ಕೆ ಅಟ್ರೋಪಿನ್ ಮದ್ದು. ದ್ವಾರ ಮುಚ್ಚುವ ವಿಷಕ್ಕೆ ಪ್ರತಿವಿಷವಿಲ್ಲ. ಸೆಳೆತ ತಡೆಯಲು ಲೊರಾಜೆಪಾಮ್‌ನಂಥ, ಗ್ಯಾಬಾದ ಕೆಲಸಕ್ಕೆ ಬಲ ಕೊಡುವ ಔಷಧಗಳೇ ಆಧಾರ. ಆದ್ದರಿಂದ ವಿಷಬಾಧೆಗೆ ಒಳಗಾದವರನ್ನು ಆಸ್ಪತ್ರೆಗೆ ಒಯ್ಯುವಾಗ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಬೇಕು. ಆಸ್ಪತ್ರೆಯ ದಾಖಲೆಯಲ್ಲಿ ಬರೀ ‘ಕೀಟನಾಶಕ’ ಎಂದು ಬರೆಯದೆ ರಾಸಾಯನಿಕದ ಹೆಸರನ್ನೇ ನಮೂದಿಸಬೇಕು. ತಾಲ್ಲೂಕು ಮಟ್ಟದಲ್ಲಿ ಇಂಥ ದಾಖಲೆ ಬೆಳೆದರೆ ಎಂಡೋಸಲ್ಫಾನ್ ವಿಷಯದಲ್ಲಾದ ಮೂವತ್ತು ವರ್ಷಗಳ ವಿಳಂಬ ಇನ್ನೊಂದು ವಿಷದ ವಿಷಯದಲ್ಲಿ ಮರುಕಳಿಸದಂತೆ ತಡೆಯಲು ಸಾಧ್ಯ.